ಸದ್ದಿಲ್ಲದ ಲಾಕ್

ಚುನಾವಣೆ ಬಂತೆಂದರೆ ಮೈಕ್ ಬಾಡಿಗೆಗೆ ಕೊಡುವವರಿಗೆ ಖುಷಿ, ಜೀಪಿನವರಿಗೆ ಖುಷಿ, ಚಾ ಅಂಗಡಿಯವರಿಗಂತೂ ಕೇಳುವುದೇ ಬೇಡ. ಆದರೆ ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಕೊಪ್ಪ ಪೇಟೆಯಲ್ಲಿ ಇವರೆಲ್ಲರಿಗಿಂತ ಹೆಚ್ಚು ನೆಮ್ಮದಿ ಪಟ್ಟವರು ಕೋವಿ ರಿಪೇರಿಯ ನಜೀರ್ ಸಾಬರು. ಯಾವ ಪಕ್ಷದ ಗೊಡವೆಯೂ ಅವರಿಗಿರಲಿಲ್ಲ. ಚುನಾವಣೆ ಎಂದರೆ ಲೈಸೆನ್ಸ್ ಇರುವ ಕೋವಿಗಳೆಲ್ಲ ಆಯಾ ಊರಿನ ಠಾಣೆ ಸೇರಬೇಕು, ಎಣಿಕೆ ಮುಗಿದು ಗಲಾಟೆ ತಣ್ಣಗಾಗುವವರೆಗೆ ಅಲ್ಲೇ ಬೀಗದೊಳಗೆ ಇರಬೇಕು. ಅಷ್ಟು ದಿನ ಅವರಿಗೆ ಕಣ್ತುಂಬ ನಿದ್ದೆ.

ಕೋವಿ ರಿಪೇರಿ ಮಾಡುವವನಿಗೇ ಕೋವಿಯ ಭಯವೇ ಎಂದು ನಗಬೇಡಿ. ನಜೀರ್ ಸಾಬರು ಪುಕ್ಕಲರಲ್ಲ. ಅವರ ಭಯ ಇದ್ದದ್ದು ನಾಲ್ಕೇ ನಾಲ್ಕು ಕೋವಿಗಳ ಮೇಲೆ. ಕಮ್ಮರಡಿಯಲ್ಲೊಂದು, ಕೆರೆಕಟ್ಟೆಯಲ್ಲೊಂದು, ನರಸಿಂಹರಾಜಪುರದ ಕಡೆ ಎರಡು. ಐದನೆಯದೊಂದಿತ್ತು, ಮೇಗುಂದದ ವಾಸಪ್ಪಗೌಡರದ್ದು. ಅದು ಹಿಂದಿನ ವರ್ಷವೇ ಒಬ್ಬನ ಕಾಲು ತಿಂದು ಠಾಣೆ ಸೇರಿತ್ತು. ಐದೂ ಬೋಲ್ಟ್ ರೈಫಲ್‌ಗಳು. ಐದರ ಲಾಕಿನ ಮೇಲೂ ನಜೀರ್ ಸಾಬರ ಕಬ್ಬಿಣ ಉಜ್ಜುವ ಅರ ಆಡಿತ್ತು. ಅದರಿಂದ ಏನಾಗಿದೆ ಎಂಬುದು ಮಾತ್ರ ಅವರೊಬ್ಬರಿಗೇ ಗೊತ್ತಿತ್ತು.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ಒಂದು ಬಾಗಿಲು, ಕಬ್ಬಿಣ ಬಿಗಿದು ಹಿಡಿಯುವ ಒಂದು ವೈಸ್, ಗೋಡೆಗೆ ಸಾಲಾಗಿ ತೂಗಿದ ಅರಗಳು, ಗಾಜಿನ ಚೌಕಟ್ಟಿನಲ್ಲಿ ರಿಪೇರಿ ಲೈಸೆನ್ಸು. ಲೈಸೆನ್ಸು ಅಪ್ಪನ ಕಾಲದಿಂದ ಬಂದದ್ದು, ವೈಸ್ ಕೂಡ. ಬಾಗಿಲಿನ ಎದುರು ಗೋಡೆಗೆ ಮರಳು ತುಂಬಿದ ಮೂರು ಗೋಣಿಚೀಲ. ಯಾರೇ ಕೋವಿ ತಂದರೂ ಮೊದಲು ಅದರ ಮೂತಿ ಆ ಚೀಲದ ಕಡೆ ತಿರುಗಬೇಕು, ಮಾತು ಆಮೇಲೆ. ತಿರುಗಿಸದೆ ಒಳಗೆ ಬಂದವರಿಗೆ ಸರಿಯಾಗಿ ಬೈಗುಳ ಬೀಳುತ್ತಿತ್ತು. ನಜೀರ್ ಸಾಬರಿಂದ ಬೈಸಿಕೊಳ್ಳದೆ ಕೋವಿ ರಿಪೇರಿ ಮಾಡಿಸಿಕೊಂಡವರು ಮೂರು ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಹಾಗಿದ್ದೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು, ಏಕೆಂದರೆ ಅವರ ಕೈಯಿಂದ ಹೋದ ಕೋವಿ ತಾನಾಗಿ ಹಾರಿದ ಕತೆ ಮೂವತ್ತು ವರ್ಷದಲ್ಲಿ ಒಂದೂ ಇರಲಿಲ್ಲ.

ಈ ಸೀಮೆಯವರು ಕೇಪಿನ ಕೋವಿಯಲ್ಲಿ ಹುಟ್ಟಿ ಬೆಳೆದವರು. ನಳಿಗೆಯ ಬಾಯಿಂದ ಮದ್ದು ಜಡಿದು, ಹಿಂದುಗಡೆ ಕಡಲೆಕಾಳಿನಷ್ಟು ತಾಮ್ರದ ಕೇಪು ಕೂರಿಸಿ, ಕುದುರೆ ಎನ್ನುವ ಸುತ್ತಿಗೆ ಅದರ ಮೇಲೆ ಬಡಿದರೆ ಢಂ. ಕೇಪು ಇಲ್ಲದಿದ್ದರೆ ಅದೊಂದು ಕಬ್ಬಿಣದ ಕೊಳವೆ, ಅಷ್ಟೇ. ಆದ್ದರಿಂದ ಗದ್ದೆ ಕಾಯಲು ಹೋಗುವವರು ಮದ್ದು ತುಂಬಿದ ಕೋವಿ ಹೆಗಲಿಗೇರಿಸಿ, ಕೇಪನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಂದಿ ಎದುರಿಗೆ ನಿಂತ ಮೇಲೆ ಸದ್ದಿಲ್ಲದೆ ಕೇಪು ಕೂರಿಸುವುದು, ಗುರಿ ಇಡುವುದು. ಅಜ್ಜಂದಿರ ಕಾಲದಿಂದ ನಡೆದುಬಂದ ಕ್ರಮ ಅದು. ಕೇಪು ಜೇಬಿನಲ್ಲಿದೆ ಎಂದರೆ ಜೀವ ಜೇಬಿನಲ್ಲಿದೆ ಎಂದೇ ಎಲ್ಲರ ನಂಬಿಕೆ.

ಆಮೇಲೆ ಅನುಕೂಲಸ್ಥರ ಮನೆಗಳಿಗೆ ಒಂದೊಂದಾಗಿ ಬೋಲ್ಟ್ ರೈಫಲ್ ಬಂತು. ಜನ ಬದಲಾಗಲಿಲ್ಲ, ಕೋವಿ ಬದಲಾಯಿತು. ತೋಟೆ, ಅಂದರೆ ಗುಂಡು ಮದ್ದು ಕೇಪು ಎಲ್ಲ ಒಟ್ಟಿಗೇ ಸೇರಿದ ಹಿತ್ತಾಳೆ ಕೊಳವೆ, ಅದನ್ನು ಒಳಗೆ ತಳ್ಳಿ ಬೋಲ್ಟ್ ಎಂಬ ಹಿಂದಿನ ಅಗುಳಿ ಮುಚ್ಚಿದ ಮೇಲೆ ಹೊರಗೆ ತೆಗೆದಿಟ್ಟುಕೊಳ್ಳಲು ಏನೂ ಉಳಿಯುವುದಿಲ್ಲ. ಉಳಿಯುವುದು ಹೆಬ್ಬೆರಳಿನ ಹತ್ತಿರ ಇರುವ ಒಂದು ಸಣ್ಣ ಸನ್ನೆ. ಹಿಂದಕ್ಕೆ ಎಳೆದರೆ ಲಾಕ್, ಮುಂದಕ್ಕೆ ತಳ್ಳಿದರೆ ಬಿಡುಗಡೆ. ನಮ್ಮವರು ಆ ಲಾಕನ್ನೇ ಕೇಪು ಎಂದುಕೊಂಡರು. ತಿಳಿದವರು ತೋಟೆಯನ್ನು ಕಡೆಯ ಗಳಿಗೆಯವರೆಗೆ ಒಳಗೆ ತಳ್ಳುವುದೇ ಇಲ್ಲ. ಇವರು ಮನೆಯಂಗಳದಲ್ಲೇ ತೋಟೆ ತುಂಬಿ, ಲಾಕ್ ಹಾಕಿ, ಕೇಪು ಜೇಬಿನಲ್ಲಿದೆ ಎಂಬ ಧೈರ್ಯದಲ್ಲಿ ನಡೆದೇಬಿಡುತ್ತಿದ್ದರು.

ರೈಫಲ್ ತಂದವರಿಗೆಲ್ಲ ನಜೀರ್ ಸಾಬರು ಬೋಲ್ಟ್ ಹೊರಗೆಳೆದು ಪಾಠ ಮಾಡುತ್ತಿದ್ದರು. "ನೋಡಿ ಗೌಡ್ರೆ, ಇದ್ರೊಳಗೆ ಒಂದು ಪಿನ್ ಉಂಟು, ಅದರ ಹಿಂದೆ ಸ್ಪ್ರಿಂಗು. ಬೋಲ್ಟ್ ಮುಚ್ಚಿದ ಕೂಡ್ಲೆ ಸ್ಪ್ರಿಂಗ್ ಮುದುಡಿ ಪಿನ್ನು ಒಂದು ಹಲ್ಲಿಗೆ ಸಿಕ್ಕಿ ನಿಲ್ತದೆ. ಟ್ರಿಗರ್ ಎಳೆದ್ರೆ ಆ ಹಲ್ಲು ಕೆಳಗಿಳೀತದೆ, ಪಿನ್ನು ಹೋಗಿ ತೋಟೆಗೆ ಬಡೀತದೆ. ಕೆಲವು ಕೋವಿಲಿ ಲಾಕ್ ಹಾಕಿದ್ರೆ ಟ್ರಿಗರ್ ಮಾತ್ರ ಅಲ್ಲಾಡಲ್ಲ, ಪಿನ್ನು ಹಲ್ಲಿನ ಮೇಲೇ ನೇತಾಡ್ಕೊಂಡಿರ್ತದೆ. ಜೋರಾಗಿ ಕುಕ್ಕಿದ್ರೆ ಜಾರಿದ್ರೂ ಜಾರೀತು. ನಿಮ್ಮದು ಹಂಗಲ್ಲ. ಇದು ಪಿನ್ನನ್ನೇ ಹಿಡ್ಕೊಂಡು ಕೂದಲೆಳೆಯಷ್ಟು ಹಿಂದಕ್ಕೆ ಎಳೀತದೆ. ಬೋಲ್ಟೂ ತೆರ್ಕೊಳ್ಳೋ ಹಂಗಿಲ್ಲ. ಒಳ್ಳೆ ಲಾಕು. ಆದ್ರೂ ಲಾಕು ಲಾಕೇ, ಮೂತಿ ಮನುಷ್ಯರ ಕಡೆ ಇಡ್ಬೇಡಿ."

ಪಾಠ ಮುಗಿದ ಮೇಲೆ ಪರೀಕ್ಷೆ. ಅಪ್ಪ ಕಲಿಸಿದ್ದು. ಖಾಲಿ ಕೋವಿಯ ಬೋಲ್ಟ್ ಮುಚ್ಚಿ, ಲಾಕ್ ಹಾಕಿ, ಟ್ರಿಗರ್ ಬಲವಾಗಿ ಎಳೆಯುವುದು. ಬಿಡುವುದು. ಆಮೇಲೆ ಲಾಕ್ ತೆಗೆಯುವುದು. ತೆಗೆಯುವಾಗ ಒಳಗೆ ಚಟ್ ಎಂದರೆ ಆ ಕೋವಿ ಕೆಟ್ಟದ್ದು, ಲಾಕ್ ತೆಗೆದ ಕ್ಷಣವೇ ಹಾರುವಂಥದ್ದು. ಸನ್ನೆಯ ಟಿಕ್ ಬಿಟ್ಟು ಬೇರೆ ಸದ್ದಾಗದಿದ್ದರೆ ಸರಿ. ಕೊನೆಗೆ ಹಿಡಿಯನ್ನು ಮಡಚಿದ ಗೋಣಿಯ ಮೇಲೆ ಮೂರು ಸಲ ಕುಕ್ಕುವುದು. ಇಷ್ಟಾಗದೆ ಯಾವ ಕೋವಿಯೂ ಅವರ ಅಂಗಡಿಯ ಮೆಟ್ಟಿಲು ಇಳಿಯುತ್ತಿರಲಿಲ್ಲ.

ಎರಡು ಸಾವಿರದ ಐದರಲ್ಲಿ, ಮಳೆ ಹಿಂದಾಗಿ ಭತ್ತ ಹೊಡೆ ಬಂದು ತೆನೆ ಬಿಡುವ ಹೊತ್ತಿಗೆ, ವಾಸಪ್ಪಗೌಡರು ಬಂದರು. ದೊಡ್ಡ ಧ್ವನಿಯ, ಬೇಗ ನಗುವ ಮನುಷ್ಯ. ಕೋವಿಯ ಮೂತಿಯನ್ನು ತಾವಾಗಿಯೇ ಚೀಲದ ಕಡೆ ತಿರುಗಿಸಿ ಸ್ಟೂಲಿನ ಮೇಲೆ ಕೂತರು.

"ಸಾಬ್ರೆ, ಈ ಲಾಕ್ ತೆಗೆಯುವಾಗ ಟಿಕ್ ಅಂತದಲ್ಲ, ಅದನ್ನ ಒಂಚೂರು ತೆಗೀರಿ ಮಾರಾಯ್ರೆ."

"ಯಾಕೆ? ಅದೇನು ನಿಮ್ಮ ಕಿವಿ ಕಚ್ತದಾ?"

"ನನ್ನ ಕಿವಿಯಲ್ಲ, ಹಂದಿ ಕಿವಿ. ಗದ್ದೆ ಅಂಚಿಗೆ ಬಂದು ನಿಂತಿರ್ತದೆ. ಕೇಪಿನ ಕೋವಿ ಆಗಿದ್ರೆ ಸದ್ದಿಲ್ದೆ ಕೇಪು ಕೂರಿಸ್ತಿದ್ದೆ. ಇದು ಟಿಕ್ ಅಂದದ್ದೇ ತಡ, ಹಂದಿ ಗುಡ್ಡ ಹತ್ತಿ ಆಯ್ತು. ಈ ವರ್ಷ ಮೂರು ಸಲ ಹಿಂಗೇ ಆಯ್ತು."

ನಜೀರ್ ಸಾಬರು ಮೊದಲು ಬೈದರು. ಆ ಟಿಕ್ ಸುಮ್ಮನೆ ಬರುವುದಲ್ಲ. ಸನ್ನೆಯ ಒಳಮೈಯಲ್ಲಿ ಒಂದು ಸಣ್ಣ ಗುಳಿ ಇದೆ, ಸ್ಪ್ರಿಂಗಿನ ಮೂತಿ ಅದರೊಳಗೆ ಬಿದ್ದು ಕೂರುತ್ತದೆ. ಕೂತರೆ ಸನ್ನೆ ತಾನಾಗಿ ಜರುಗುವುದಿಲ್ಲ. ಸದ್ದು ಬೇಡ ಎಂದರೆ ಗುಳಿಯ ಅಂಚು ಸವೆಸಬೇಕು, ಸವೆಸಿದರೆ ಹಿಡಿತ ಕಡಿಮೆಯಾಗುತ್ತದೆ. ಇದೆಲ್ಲ ಹೇಳಿದರು. ಅಲ್ಲಿಗೇ ನಿಲ್ಲಿಸಿ ಕೋವಿ ವಾಪಸು ಕೊಟ್ಟಿದ್ದರೆ ಈ ಕತೆ ಹೇಳುವ ಅಗತ್ಯ ನನಗೂ ಇರುತ್ತಿರಲಿಲ್ಲ.

"ಹೋಗ್ಲಿ ಬಿಡಿ," ಎಂದರು ವಾಸಪ್ಪಗೌಡರು, ಏಳುತ್ತ. "ಶಿವಮೊಗ್ಗದಲ್ಲಿ ಒಬ್ಬ ಮಾಡಿಕೊಡ್ತಾನಂತೆ. ಇದು ಬಹಳ ನಾಜೂಕು ಕೆಲ್ಸ, ಎಲ್ರ ಕೈಲೂ ಆಗಲ್ಲ ಅಂತ ಅವ್ನೇ ಹೇಳ್ದನಂತೆ."

ನಜೀರ್ ಸಾಬರ ಕಿವಿ ಕೆಂಪಾಯಿತು. ಎಲ್ಲರ ಕೈಲೂ ಆಗಲ್ಲವಂತೆ! ಅಪ್ಪನ ವೈಸ್ ಎದುರಿಗೆ ಕೂತುಕೊಂಡು ಇಂಥ ಮಾತು ಕೇಳಬೇಕೇ? ದುಡ್ಡಿಗೆ ಬಗ್ಗದ ಮನುಷ್ಯನನ್ನು ಇಂಥ ಒಂದು ಮಾತು ಬಗ್ಗಿಸಿಬಿಡುತ್ತದೆ. "ಕೂತ್ಕೊಳ್ಳಿ" ಎಂದು ಗದರಿ, ಸನ್ನೆ ಬಿಚ್ಚಿ, ಅತಿ ಸಣ್ಣ ಅರ ತೆಗೆದುಕೊಂಡರು. ಮಧ್ಯಾಹ್ನದ ನಮಾಜಿಗೆ ಎದ್ದದ್ದು ಬಿಟ್ಟರೆ ಸಂಜೆಯವರೆಗೂ ತಲೆ ಎತ್ತಲಿಲ್ಲ. ಗುಳಿಯ ಅಂಚು ಉರುಟಾಯಿತು. ಹಿಡಿತ ಕಡಿಮೆಯಾದದ್ದನ್ನು ತುಂಬಲು ಸ್ಪ್ರಿಂಗನ್ನು ಚೂರು ಬಿಗಿ ಮಾಡಿದರು. ಜೋಡಿಸಿ ತಳ್ಳಿದರೆ ಸನ್ನೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಜರುಗಿತು, ಉಸಿರಿನಷ್ಟೂ ಸದ್ದಿಲ್ಲ. ಅಪ್ಪನ ಪರೀಕ್ಷೆಯೆಲ್ಲ ಪಾಸಾಯಿತು. ವಾಸಪ್ಪಗೌಡರು ಹತ್ತು ಸಲ ಹಾಕಿ ತೆಗೆದು ನೋಡಿ, "ಶಿವಮೊಗ್ಗದವ್ನು ನಿಮ್ಮ ಕಾಲ ಹತ್ರ ಕೂತು ಕಲೀಬೇಕು" ಎಂದರು. ಆ ದಿನ ಮನೆಗೆ ಹೋಗುವಾಗ ನಜೀರ್ ಸಾಬರು ಹೆಂಡತಿಗೆ ಜಿಲೇಬಿ ಕಟ್ಟಿಸಿಕೊಂಡು ಹೋದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಒಂದು ವರ್ಷದಲ್ಲಿ ಇನ್ನೂ ನಾಲ್ಕು ರೈಫಲ್ ಅದೇ ಕೆಲಸಕ್ಕೆ ಬಂದವು. ಮೊದಲನೆಯದಕ್ಕೆ ಬೈದಷ್ಟು ಎರಡನೆಯದಕ್ಕೆ ಬೈಯಲಿಲ್ಲ, ಐದನೆಯದಕ್ಕೆ ಬೈಯಲೇ ಇಲ್ಲ.

ಎರಡು ಸಾವಿರದ ಏಳರ ನವೆಂಬರಿನಲ್ಲಿ ಒಂದು ಮುಸ್ಸಂಜೆ ವಾಸಪ್ಪಗೌಡರು ಗದ್ದೆ ಕಡೆ ಹೊರಟರು. ಮುಂದೆ ಅವರ ಕೆಲಸದ ಐತ, ಟಾರ್ಚ್ ಹಿಡಿದು. ಐತನಿಗೆ ಮೂವತ್ತೈದು ವರ್ಷ. ಅಡಿಕೆ ಮರ ಹತ್ತಿ ಗೊನೆ ಇಳಿಸುವುದರಲ್ಲಿ ಮೇಗುಂದದ ಸುತ್ತ ಅವನಿಗೆ ಸಮನಿರಲಿಲ್ಲ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ಹೋಗುತ್ತಿದ್ದ. ಹಿಂದೆ ಕಂಬಳಿ ಹೊದ್ದ ಗೌಡರು, ಕಂಬಳಿಯೊಳಗೆ ರೈಫಲ್, ಮೂತಿ ನೆಲದ ಕಡೆ. ಲಾಕ್ ಹಾಕಿದೆ ಎಂಬ ಧೈರ್ಯ. ಗದ್ದೆ ಅಂಚಿನಲ್ಲಿ ಗೌಡರ ಕಾಲು ಜಾರಿತು. ಬೀಳದಿರಲು ಕೋವಿಯನ್ನು ಅವುಚಿ ಹಿಡಿದಾಗ ಬೆರಳು ಎಲ್ಲಿ ತಾಗಿತೋ, ಸಿಡಿಲು ಬಡಿದಂಥ ಸದ್ದಾಯಿತು. ಐತ ಕೂತುಬಿಟ್ಟ. ಅವನ ಎಡಪಾದದ ಮುಂಭಾಗ ಇರಲಿಲ್ಲ.

ಜೀವ ಉಳಿಯಿತು. ಪಾದದಲ್ಲಿ ಉಳಿದದ್ದು ಹಿಮ್ಮಡಿ ಮಾತ್ರ.

ಠಾಣೆಯಲ್ಲಿ ವಾಸಪ್ಪಗೌಡರು ಏನನ್ನೂ ಮುಚ್ಚಿಡಲಿಲ್ಲ. "ಲಾಕ್ ಹಾಕಿದ್ದೆ ಅಂತ್ಲೇ ನನ್ನ ನೆನಪು. ಹಾಕಿದ್ರೆ ಹಾರ್ತಿರ್ಲಿಲ್ಲ. ಮರ್ತಿದೀನಿ ಅಂತ ಆಯ್ತು. ತಪ್ಪು ನಂದೇ" ಎಂದು ಹೇಳಿಕೆ ಕೊಟ್ಟರು. ಮಾರನೆಯ ದಿನ ನಜೀರ್ ಸಾಬರಿಗೆ ಕರೆ ಬಂತು, ಲಾಕ್ ಸರಿ ಇದೆಯೇ ನೋಡಿ ಹೇಳಲು. ಅವರು ಹೋಗಿ, ಮೂತಿ ಗೋಡೆಗೆ ತಿರುಗಿಸಿ, ಬೋಲ್ಟ್ ಮುಚ್ಚಿ, ಲಾಕ್ ಹಾಕಿ, ಟ್ರಿಗರ್ ಎಳೆದರು. ಹಾರಲಿಲ್ಲ. ಬಿಟ್ಟು ಲಾಕ್ ತೆಗೆದರು. ಸದ್ದಿಲ್ಲ. "ಲಾಕ್ ಕೆಲ್ಸ ಮಾಡ್ತದೆ ಸಾರ್" ಎಂದರು. ಠಾಣೆಯ ಸಾಹೇಬರು ಬರೆದುಕೊಂಡರು.

ಮತ್ತೆ ಲಾಕ್ ಹಾಕಿ ಕೋವಿಯನ್ನು ಮೇಜಿನ ಮೇಲೆ ಇಡುವಾಗ ನಜೀರ್ ಸಾಬರ ಅಂಗಿಯ ತೋಳು ಸನ್ನೆಯನ್ನು ಸವರಿತು. ಬರೀ ಬಟ್ಟೆಯ ಅಂಚು. ಸನ್ನೆ ಸದ್ದಿಲ್ಲದೆ ಮುಂದಕ್ಕೆ ಜರುಗಿತು.

ಯಾರೂ ನೋಡಲಿಲ್ಲ. ನಜೀರ್ ಸಾಬರು ಮಾತ್ರ ನೋಡಿದರು. ಎರಡು ಮಳೆಗಾಲ ತಿಂದು ಸ್ಪ್ರಿಂಗ್ ಸಡಿಲವಾಗಿತ್ತು, ಅದು ಕೂರಬೇಕಾದ ಗುಳಿಯ ಅಂಚನ್ನು ಅವರೇ ಸವೆಸಿದ್ದರು. ಅಂಗಿಯ ತೋಳಿಗೇ ಜರುಗುವ ಸನ್ನೆ ಕಂಬಳಿಗೆ ಜರುಗದೆ ಇರುತ್ತದೆಯೇ? ಗೌಡರು ಲಾಕ್ ಹಾಕಿದ್ದರು. ಮರೆತಿರಲಿಲ್ಲ. ಬಾಯಿ ತೆರೆದು ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದ್ದಾಗಿತ್ತು, ಬರೆದುಕೊಂಡದ್ದೂ ಆಗಿತ್ತು. ಅವರು ಸನ್ನೆಯನ್ನು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆಳೆದು ಸಲಾಂ ಹೇಳಿ ಹೊರಗೆ ಬಂದರು.

ಅಂದಿನಿಂದ ಅವರ ನಿದ್ದೆ ಹೋಯಿತು. ನಾಚಿಕೆ ಅಷ್ಟಿಷ್ಟಲ್ಲ. ಆದರೆ ನಾಚಿಕೆಗಿಂತ ದೊಡ್ಡದಾಗಿ ಹೆದರಿಕೆ ಇತ್ತು: ಆ ನಾಲ್ಕು ಕೋವಿಗಳು. ಈ ಹೊತ್ತಿಗೆ ಯಾರ ಕಂಬಳಿಯೊಳಗೆ ಇದೆಯೋ, ಮೂತಿಯ ಮುಂದೆ ಯಾರು ನಡೆಯುತ್ತಿದ್ದಾರೋ! "ಸರ್ವೀಸಿಗೆ ತನ್ನಿ" ಎಂದು ನಾಲ್ವರಿಗೂ ಹೇಳಿಕಳಿಸಿದರು. ಇಬ್ಬರು ಕೊಯ್ಲು ಮುಗಿಯಲಿ ಎಂದರು. ಒಬ್ಬರು ಉತ್ತರವೇ ಕೊಡಲಿಲ್ಲ. ಕೆರೆಕಟ್ಟೆಯ ಧರ್ಮಪ್ಪ ಪೇಟೆಯಲ್ಲಿ ಸಿಕ್ಕಾಗ, "ಸರ್ವೀಸ್ ಎಂತಕ್ಕೆ ಸಾಬ್ರೆ? ಲಾಕ್ ಈಗ ಮೊದ್ಲಿಗಿಂತ್ಲೂ ನಯ ಆಗಿದೆ" ಎಂದು ಹೆಮ್ಮೆಯಿಂದ ಹೇಳಿದ. ಮೊದಲಿಗಿಂತ ನಯ! ನಯವಾದಷ್ಟೂ ಹಿಡಿತ ಹೋಗಿದೆ ಎಂದೇ ಅರ್ಥ. ಕಾರಣ ಹೇಳದೆ ಕೋವಿ ಕೇಳಿದರೆ ಯಾರೂ ಕೊಡುವುದಿಲ್ಲ, ಕಾರಣ ಹೇಳಿದರೆ ಐತನ ಕಾಲಿನ ಲೆಕ್ಕ ಅವರ ತಲೆಗೇ ಬರುತ್ತದೆ. ಅಪ್ಪನ ಲೈಸೆನ್ಸು ಗೋಡೆಯಿಂದ ಇಳಿಯುತ್ತದೆ. ಹೀಗೆ ಒಂದೊಂದು ದಿನವೂ ನಾಳೆ, ನಾಳೆ ಎನ್ನುತ್ತ ಐದು ತಿಂಗಳು ಕಳೆದರು.

ಅಷ್ಟರಲ್ಲಿ ಚುನಾವಣೆ ಬಂತು. ಕೋವಿ ಒಪ್ಪಿಸುವ ಹಿಂದಿನ ದಿನ ಗುಡ್ಡಗುಡ್ಡಗಳಲ್ಲಿ ಢಂ ಢಂ ಎಂದು ಕೇಳುತ್ತಿತ್ತು, ಜಡಿದಿಟ್ಟ ಮದ್ದನ್ನೆಲ್ಲ ಹಾರಿಸಿ ಖಾಲಿ ಮಾಡುವ ಸದ್ದು. ಪ್ರತಿ ಸಲದಂತೆ ನಜೀರ್ ಸಾಬರನ್ನು ಠಾಣೆಗೆ ಕರೆದರು. ಬಂದ ಕೋವಿ ಖಾಲಿ ಇದೆಯೇ ನೋಡಿ, ರಟ್ಟಿನ ಚೀಟಿ ಕಟ್ಟಬೇಕು. ಕಮ್ಮರಡಿಯ ರೈಫಲ್ ಅವರ ಕೈಗೇ ಬಂತು. ಸನ್ನೆಯ ಮೇಲೆ ಬೆರಳಿಟ್ಟರು, ಗಾಳಿಗೆ ಜರುಗುವಂತಿತ್ತು. ಹೆಡ್ ಕಾನ್‌ಸ್ಟೇಬಲ್ ರೇಣುಕಪ್ಪ ಕೇಳಿದ: "ಎಂತ ಸಾಬ್ರೆ, ಅದನ್ನೇ ಹಿಡ್ಕೊಂಡು ಕೂತ್ರಿ? ಏನಾರೂ ಪ್ರಾಬ್ಲಂ ಉಂಟಾ?"

"ಇಲ್ಲ" ಎಂದರು ನಜೀರ್ ಸಾಬರು. ಚೀಟಿ ಕಟ್ಟಿದರು.

ಶೃಂಗೇರಿ, ನರಸಿಂಹರಾಜಪುರದ ಠಾಣೆಗಳಿಗೂ ಉಳಿದ ಮೂರು ಸೇರಿವೆ ಎಂದು ವಿಚಾರಿಸಿ ತಿಳಿದುಕೊಂಡರು. ಅವತ್ತು ಮನೆಗೆ ಬಂದು ಮಲಗಿದವರು ಬೆಳಿಗ್ಗೆ ಏಳೂವರೆಗೆ ಎದ್ದರು.

ಹೆಂಡತಿ ರಹೀಮುನ್ನೀಸಾ ಮೂವತ್ತು ವರ್ಷದಿಂದ ಈ ಮನುಷ್ಯನನ್ನು ನೋಡಿದವರು. ಚಳಿಗಾಲವಿಡೀ ಹೊರಳಾಡಿದ ಗಂಡ, ಬೀದಿಯಲ್ಲಿ ಮೈಕ್ ಕಿರುಚುವಾಗ ಗೊರಕೆ ಹೊಡೆಯುವುದು ಅವರಿಗೆ ವಿಚಿತ್ರವಾಗಿ ಕಂಡಿತು. "ಏನ್ರೀ, ಎಲೆಕ್ಷನ್‌ಗೆ ನಿಂತವರಿಗೆ ನಿದ್ದೆ ಇಲ್ಲ, ನಿಮಗೆ ಇಷ್ಟು ನಿದ್ದೆ ಎಲ್ಲಿಂದ ಬಂತು?" ಎಂದು ತಮಾಷೆ ಮಾಡಿದರು. ಎಣಿಕೆ ಮುಗಿದ ದಿನ ಸಂಜೆ ಊರೆಲ್ಲ ಪಟಾಕಿ ಹೊಡೆಯುತ್ತಿದ್ದಾಗ ಅದೇ ಗಂಡ ತಟ್ಟೆಯ ಮುಂದೆ ಅನ್ನ ಮುಟ್ಟದೆ ಕೂತದ್ದನ್ನು ಕಂಡು ತಮಾಷೆ ನಿಂತಿತು. ಬಾಗಿಲು ಹಾಕಿ ಬಂದು ಎದುರಿಗೆ ಕೂತರು. ಈ ಸಲ ನಜೀರ್ ಸಾಬರು ಹೇಳಿದರು. ಟಿಕ್ ಸದ್ದು, ಶಿವಮೊಗ್ಗದವನ ಮಾತು, ಅಂಗಿಯ ತೋಳು, ಎಲ್ಲ. ಹೇಳುತ್ತ ಅತ್ತರು.

"ಅಲ್ಲಾಹನ ಹತ್ರ ದಿನಾ ಮಾಫಿ ಕೇಳ್ತಿದೀನಿ" ಎಂದರು.

ರಹೀಮುನ್ನೀಸಾ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಕೇಳಿ, ಬೇಡ ಅನ್ನಲ್ಲ" ಎಂದರು. "ಕಾಲು ಹೋಗಿದ್ದು ಐತಂದು. ಮರೆಗುಳಿ ಅನ್ನಿಸಿಕೊಂಡಿದ್ದು ಗೌಡ್ರು. ಅವರಿಬ್ಬರಿಗೆ ಯಾವಾಗ ಹೇಳ್ತೀರಿ?"

ಅದಾಗಿ ನಾಲ್ಕನೆಯ ದಿನ, ಠಾಣೆಗಳಲ್ಲಿ ಕೋವಿ ವಾಪಸು ಕೊಡಲು ಶುರು ಮಾಡಿದ ಬೆಳಿಗ್ಗೆ, ನಜೀರ್ ಸಾಬರು ಸಾಮಾನಿನ ಚೀಲ ಹೆಗಲಿಗೇರಿಸಿ ಮೇಗುಂದದ ಬಸ್ಸು ಹತ್ತಿದರು. ಚೀಲ ಯಾಕೆ ತಂದೆ ಎಂದು ಅವರಿಗೇ ಗೊತ್ತಿರಲಿಲ್ಲ. ಮೊದಲು ಇವರ ಮುಂದೆ ಹೇಳಿಬಿಡಬೇಕು, ಇವರು ಕ್ಷಮಿಸಿದರೆ ಆಮೇಲೆ ಠಾಣೆ, ಆಮೇಲೆ ಉಳಿದದ್ದೆಲ್ಲ, ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡರು. ಗೌಡರ ಮನೆಯಲ್ಲಿ ಗೌಡರಿರಲಿಲ್ಲ. "ಐತನ ಮನೇಲಿ ಇರ್ತಾರೆ, ಈಗ ಬೆಳಿಗ್ಗೆ ಅಲ್ಲೇ" ಎಂದರು ಅವರ ಹೆಂಡತಿ ಸುಲೋಚನಮ್ಮ. ಹೇಳುವ ಧ್ವನಿಯಲ್ಲಿ ಸುಸ್ತಿತ್ತು.

ಐತನ ಮನೆ ಗುಡ್ಡದ ಬದಿಗೆ. ಅಂಗಳದಲ್ಲಿ ವಾಸಪ್ಪಗೌಡರು ಕೊಡಲಿ ಹಿಡಿದು ಸೌದೆ ಸೀಳುತ್ತಿದ್ದರು. ಕೊರಳ ಎಲುಬು ಕಾಣುವಷ್ಟು ಇಳಿದಿದ್ದರು. ಆ ದೊಡ್ಡ ನಗು ಇದ್ದ ಮನುಷ್ಯ ಇವರೇನಾ ಎನಿಸಿತು. ಊರ ದೈವದ ಮುಂದೆ ತಪ್ಪುಕಾಣಿಕೆ ಕಟ್ಟಿ, ಕೋವಿ ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿ, ದಿನಾ ಬೆಳಿಗ್ಗೆ ಬಂದು ಐತನ ಮನೆಯ ನೀರು ಸೌದೆ ನೋಡಿಕೊಂಡು ಹೋಗುತ್ತಿದ್ದರು. ಆಳು ಕಳಿಸಿ ಎಂದರೆ ಕೇಳುತ್ತಿರಲಿಲ್ಲವಂತೆ. ಐತ ಜಗಲಿಯಲ್ಲಿ ಕೂತು, ಎಡಗಾಲು ಚಾಚಿ, ಬುಟ್ಟಿ ಹೆಣೆಯುತ್ತಿದ್ದ.

"ಓಹೋ ಸಾಬ್ರು! ಎಂತ ಇಷ್ಟು ದೂರ?" ಎಂದರು ಗೌಡರು.

ನಜೀರ್ ಸಾಬರು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. "ಗೌಡ್ರೆ, ಅವತ್ತು ನೀವು ಲಾಕ್ ಹಾಕಿದ್ರಿ" ಎಂದುಬಿಟ್ಟರು.

ಗೌಡರ ಕೊಡಲಿ ನಿಂತಿತು. ನಜೀರ್ ಸಾಬರು ನೆಲ ನೋಡುತ್ತಲೇ ಉಳಿದದ್ದನ್ನು ಹೇಳಿದರು. ಗುಳಿ ಸವೆಸಿದ್ದು, ಸ್ಪ್ರಿಂಗ್ ಸಡಿಲಾದದ್ದು, ಠಾಣೆಯಲ್ಲಿ ತೋಳು ತಾಗಿ ಸನ್ನೆ ಜರುಗಿದ್ದು, ನೋಡಿಯೂ ಬಾಯಿ ಮುಚ್ಚಿಕೊಂಡು ಬಂದದ್ದು. ಏನನ್ನೂ ಬಿಡಲಿಲ್ಲ. ಹೇಳಿ ಮುಗಿಸಿದ ಮೇಲೆ, "ನಿಮ್ಮ ತಪ್ಪಲ್ಲ. ಕಂಬಳಿ ತಾಗಿ ಲಾಕ್ ತೆರ್ಕೊಂಡಿದ್ದು. ನೀವು ಮರ್ತಿರ್ಲಿಲ್ಲ" ಎಂದರು.

"ಹಾಕಿದ್ದೆನಾ ನಾನು?" ಎಂದರು ಗೌಡರು, ಮಗುವಿನ ಧ್ವನಿಯಲ್ಲಿ.

"ಹಾಕಿದ್ರಿ."

ವಾಸಪ್ಪಗೌಡರು ಸೀಳಿದ ಸೌದೆಯ ಮೇಲೆ ಕುಸಿದು ಕೂತರು. "ಏಳು ತಿಂಗಳು ಸಾಬ್ರೆ. ಮನೆ ಬಾಗಿಲು ಹಾಕಿದೀನಾ ಇಲ್ವಾ ಅಂತ ಹತ್ತು ಸಲ ಎದ್ದು ನೋಡ್ತೀನಿ. ನನ್ನ ತಲೇನೇ ನಂಬಿಕೆಗೆ ಇಲ್ಲ ಅಂದ್ಕೊಂಡೆ. ಹೆಂಡ್ತಿ ಹತ್ರ ಹೇಳ್ದೆ, ನನಗೆ ಮರುಳು ಹಿಡೀತಿದೆ ಅಂತ. ನೀವು ಅಲ್ಲೇ ಕೊಪ್ಪದಲ್ಲಿ ಇದ್ರಿ." ಅವರು ಬೈಯಲಿಲ್ಲ. ಬೈದಿದ್ದರೆ ನಜೀರ್ ಸಾಬರಿಗೆ ಹಗುರಾಗುತ್ತಿತ್ತು. ಗೌಡರು ಕಂಬಳಿಯ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತರು.

ನಜೀರ್ ಸಾಬರು ಐತನ ಕಡೆ ತಿರುಗಿ ಕೈ ಜೋಡಿಸಿದರು. "ಐತ, ನನ್ನನ್ನ ಮಾಫ್ ಮಾಡ್ಬೇಕು."

ಐತ ಬುಟ್ಟಿಯನ್ನು ಪಕ್ಕಕ್ಕಿಟ್ಟಿದ್ದ. "ಗೌಡ್ರು ಮರ್ತೆ ಅಂದ್ರು" ಎಂದ ನಿಧಾನವಾಗಿ. "ಮರೆವು ಯಾರಿಗಾದ್ರೂ ಆಗ್ತದಲ್ಲ ಅಂತ ನಾನು ಸುಮ್ನಾದೆ. ಅವ್ರ ಮೇಲೆ ನಂಗೆ ಸಿಟ್ಟೇ ಬರ್ಲಿಲ್ಲ. ನೀವು ಮರ್ತದ್ದಲ್ಲ ಅಲ್ವಾ ಸಾಬ್ರೆ?"

"ಅಲ್ಲ."

"ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

ಐತ ತಲೆ ಅಲ್ಲಾಡಿಸಿದ. ಏನೋ ಯೋಚಿಸಿ, "ಹಿಂಗೆ ಸದ್ದು ತೆಗ್ದ ಕೋವಿ ಇನ್ನೆಷ್ಟು ಉಂಟು?" ಎಂದು ಕೇಳಿದ.

"ನಾಲ್ಕು."

"ಎಲ್ಲಿ?"

"ಠಾಣೆಗಳಲ್ಲಿ. ಇವತ್ತು ಬೆಳಿಗ್ಗೆಯಿಂದ ವಾಪಸ್ ಕೊಡೋಕೆ ಶುರು ಮಾಡಿದಾರೆ."

ಐತ ಅವರ ಮುಖವನ್ನೇ ನೋಡಿದ. ನಜೀರ್ ಸಾಬರಿಗೆ ತಮ್ಮ ಬಾಯಿಂದ ಬಂದ ಮಾತು ತಮಗೇ ಆಗ ಕೇಳಿಸಿತು.

"ಇವತ್ತು ಕೊಡ್ತಿದಾರೆ" ಎಂದ ಐತ. "ನೀವು ಇಲ್ಲಿ ನನ್ನ ಹತ್ರ ಮಾಫಿ ಕೇಳ್ತಾ ಕೂತಿದೀರಿ. ನನ್ನ ಕಾಲು ಹೋಗಿ ಆಯ್ತು ಸಾಬ್ರೆ. ನನ್ನ ಹತ್ರ ನಾಳೆ ಬಂದಿದ್ರೂ ನಡೀತಿತ್ತು."

ವಾಸಪ್ಪಗೌಡರು ಎದ್ದು ಕಂಬಳಿ ಕೊಡವಿದರು. "ಜೀಪ್ ತರ್ತೀನಿ, ಠಾಣೆಗೆ ಹೋಗೋಣ" ಎಂದು ಯಾರ ಮುಖವನ್ನೂ ನೋಡದೆ ಹೇಳಿ, ಮನೆಯ ಕಡೆ ಓಡುನಡಿಗೆಯಲ್ಲಿ ಇಳಿದರು. ನಜೀರ್ ಸಾಬರು ಚೀಲ ಹುಡುಕುತ್ತಿದ್ದರು, ಅದು ಅವರ ಹೆಗಲಲ್ಲೇ ಇತ್ತು.

"ಎದ್ದು ಹೋಗಿ" ಎಂದ ಐತ. "ಬೇಗ ಹೋಗಿ."